ಇಂಗ್ಲೆಂಡಿನಲ್ಲಿ ಫ್ಯೂಸ್ ಬೋರ್ಡ್ ಬದಲಿಸಿದರೆ ಕೈಗೆ ಬರಬೇಕಾದ ಎರಡು ಕಾಗದ

ಇಲ್ಲಿ ಹಳೆಯ ಮನೆ ಕೊಂಡ ನಮ್ಮವರು ಫೋನ್ ಮಾಡಿದಾಗ ಮೊದಲು ಕೇಳುವುದು ಹೊಸ ಬೋರ್ಡಿಗೆ ಎಷ್ಟಾಗುತ್ತದೆ ಎಂದು. ಎಲೆಕ್ಟ್ರಿಷಿಯನ್ ಆಗಿ ನಾನು ತಿರುಗಿ ಕೇಳುವುದು ಒಂದೇ: ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಬೋರ್ಡು ಕೂರಿಸುವ ಕೆಲಸ ಸಾಮಾನ್ಯವಾಗಿ ಒಂದು ದಿನದಲ್ಲಿ ಮುಗಿಯುತ್ತದೆ. ಕಾಗದ ಸರಿಯಿಲ್ಲದಿದ್ದರೆ ಅದು ಮನೆ ಮಾರುವ ದಿನದವರೆಗೂ ಕಾಡುತ್ತದೆ.

2005ರ ಜನವರಿ 1ರಿಂದ ಮನೆಯ ವಿದ್ಯುತ್ ಕೆಲಸ ಕಟ್ಟಡ ನಿಯಮಗಳ ಪಾರ್ಟ್ ಪಿ ಅಡಿಯಲ್ಲಿ ಬರುತ್ತದೆ. 2013ರಲ್ಲಿ ಅನೇಕ ಸಣ್ಣಪುಟ್ಟ ಕೆಲಸಗಳಿಗೆ ವಿನಾಯಿತಿ ಸಿಕ್ಕಿತು, ಫ್ಯೂಸ್ ಬೋರ್ಡಿಗೆ ಸಿಗಲಿಲ್ಲ. ಅದನ್ನು ಬದಲಿಸಿದರೆ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್‌ಗೆ ಸುದ್ದಿ ಮುಟ್ಟಲೇಬೇಕು. ಎನ್‌ಐಸಿಇಐಸಿ, ನಾಪಿಟ್‌ನಂಥ ಸ್ಕೀಮಿನಲ್ಲಿ (ಎಲೆಕ್ಟ್ರಿಷಿಯನ್‌ಗಳನ್ನು ನೋಂದಾಯಿಸಿಕೊಳ್ಳುವ ಸಂಸ್ಥೆಗಳು) ನೋಂದಾಯಿಸಿಕೊಂಡವರು ತಮ್ಮ ಕೆಲಸವನ್ನು ತಾವೇ ಪ್ರಮಾಣೀಕರಿಸಿ ತಿಳಿಸಬಹುದು. ನೋಂದಣಿ ಇಲ್ಲದವರಿಂದ ಮಾಡಿಸುವುದಾದರೆ, ಕೆಲಸ ಶುರುವಾಗುವ ಮೊದಲೇ ಕೌನ್ಸಿಲ್‌ಗೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು, ಇಲ್ಲವೇ ಕೆಲಸ ಪರೀಕ್ಷಿಸಿ ಪ್ರಮಾಣೀಕರಿಸುವ ನೋಂದಾಯಿತ ಬೇರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ವ್ಯಾನಿನ ಮೇಲಿನ ಲೋಗೋ ನೋಡಿ ನಂಬಬೇಡಿ. ಸ್ಕೀಮಿನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿ. ಮುಂದೆ ಹೇಳುವ ಎರಡೂ ಸರ್ಟಿಫಿಕೇಟ್ ಸೇರಿದ ದರವನ್ನೇ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ.

ಕೊಟೇಶನ್‌ಗೆ ಮುಂಚೆಯೇ ಹಳೆಯ ವೈರಿಂಗ್ ಪರೀಕ್ಷೆ ಆಗಲಿ ಎಂದು ನಾನು ಹಟ ಹಿಡಿಯುತ್ತೇನೆ. ಹಳೆಯ ತಂತಿ ಫ್ಯೂಸು ಎಷ್ಟೋ ದೋಷಗಳನ್ನು ಸಹಿಸಿಕೊಂಡು ಕೂತಿರುತ್ತದೆ. ಹೊಸ ಬೋರ್ಡಿನಲ್ಲಿರುವ ಆರ್‌ಸಿಬಿಒ ಎಂಬ ಬ್ರೇಕರು ಸಹಿಸುವುದಿಲ್ಲ. ಅದು ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿತೇ ಎಂದು ಸದಾ ನೋಡುತ್ತಿರುತ್ತದೆ, 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಬಿದ್ದು (ಟ್ರಿಪ್ ಆಗಿ) ಕರೆಂಟು ಕಡಿದುಬಿಡುತ್ತದೆ. ಹಳೆಯ ಮನೆಗಳಲ್ಲಿ ಮೆಟ್ಟಿಲ ದೀಪಕ್ಕೆ ಫೇಸು ಕೆಳಮಹಡಿಯ ಸರ್ಕ್ಯೂಟಿನಿಂದ, ನ್ಯೂಟ್ರಲ್ಲು ಮೇಲ್ಮಹಡಿಯದರಿಂದ ಎಳೆದಿರುವುದು ತೀರ ಸಾಮಾನ್ಯ. ಹೊಸ ಬೋರ್ಡು ಹಾಕಿದ ಸಂಜೆ ಆ ಸ್ವಿಚ್ ಒತ್ತಿದ ಕೂಡಲೇ ಟ್ರಿಪ್! ಬೋರ್ಡಿನದು ತಪ್ಪಲ್ಲ, ಆದರೆ ಅದನ್ನು ಸರಿಪಡಿಸುವ ಖರ್ಚು ಯಾರದು ಎಂಬ ಜಗಳ ಅಲ್ಲಿಂದ ಶುರುವಾಗುತ್ತದೆ. ಗ್ಯಾಸ್ ಮತ್ತು ನೀರಿನ ಕೊಳವೆಗಳ ಬಾಂಡಿಂಗ್ (ಅವನ್ನು ಅರ್ಥ್‌ಗೆ ಜೋಡಿಸುವ ವೈರು), ಮುಖ್ಯ ಅರ್ಥಿಂಗ್ ಸರಿಯಿವೆಯೇ ಎಂಬುದೂ ಈ ಪರೀಕ್ಷೆಯಲ್ಲೇ ತಿಳಿಯಬೇಕು. ಅವೆರಡು ಸರಿಯಿಲ್ಲದೆ ಹೊಸ ಬೋರ್ಡಿಗೆ ಕರೆಂಟು ಕೊಡುವುದು ಅಪಾಯ.

ಕೆಲಸ ಮುಗಿದ ಮೇಲೆ ಸಿಗಬೇಕಾದ ಮೊದಲ ಕಾಗದ ಎಲೆಕ್ಟ್ರಿಕಲ್ ಇನ್‌ಸ್ಟಲೇಶನ್ ಸರ್ಟಿಫಿಕೇಟ್, ಬಾಯಿಮಾತಿನಲ್ಲಿ ಇಐಸಿ. ಸಣ್ಣ ಕೆಲಸಕ್ಕೆ ಕೊಡುವ ಮೈನರ್ ವರ್ಕ್ಸ್ ಸರ್ಟಿಫಿಕೇಟ್ ಕೊಟ್ಟರೆ ಒಪ್ಪಬೇಡಿ. ಬೋರ್ಡು ಬದಲಾವಣೆಗೆ ಅದು ನಡೆಯುವುದಿಲ್ಲ. ಇಐಸಿಯ ಜೊತೆ ತಪಾಸಣೆಯ ಪಟ್ಟಿ, ಪ್ರತಿ ಸರ್ಕ್ಯೂಟಿನ ಪರೀಕ್ಷಾ ಫಲಿತಾಂಶದ ಪಟ್ಟಿ ಇರಲೇಬೇಕು. ಅವಿಲ್ಲದ ಇಐಸಿಗೆ ಮಾನ್ಯತೆಯೇ ಇಲ್ಲ.

ಆ ಅಂಕಿಗಳನ್ನು ದಯವಿಟ್ಟು ಓದಿ, ಅದು ದೊಡ್ಡ ವಿದ್ಯೆಯೇನಲ್ಲ. ಇನ್ಸುಲೇಶನ್ ರೆಸಿಸ್ಟೆನ್ಸ್, ಅಂದರೆ ವೈರಿನ ಹೊದಿಕೆ ಕರೆಂಟು ಸೋರದಂತೆ ತಡೆಯುವ ರೋಧ, 500 ವೋಲ್ಟಿನಲ್ಲಿ ಕನಿಷ್ಠ 1 ಮೆಗಾಓಮ್ ಇರಬೇಕು. ಈ ಕಾಲಂನಲ್ಲಿ ಎಲ್ಲ ಸಾಲಲ್ಲೂ ಒಂದೇ ದೊಡ್ಡ ಅಂಕಿ ಕಂಡರೆ ಗಾಬರಿ ಬೇಡ, ಮೀಟರು ತೋರಿಸಬಲ್ಲ ಗರಿಷ್ಠ ಅದು. ಜೆಡ್‌ಎಸ್ ಎಂಬ ಕಾಲಂ, ಅಂದರೆ ದೋಷವಾದಾಗ ಕರೆಂಟು ಹರಿಯುವ ಇಡೀ ದಾರಿಯ ರೋಧ, ಹಾಗಲ್ಲ. ಸರ್ಕ್ಯೂಟುಗಳ ಉದ್ದ ಬೇರೆಬೇರೆ, ಆದ್ದರಿಂದ ಅಂಕಿಗಳೂ ಬೇರೆಯಾಗಬೇಕು. ಎಲ್ಲ ಒಂದೇ ಇದ್ದರೆ ಮೀಟರು ಹಿಡಿಯದೆ ಬರೆದಿದ್ದಾರೆಯೇ ಎಂದು ನಾನಂತೂ ಕೇಳುತ್ತೇನೆ. 32 ಆಂಪಿಯರಿನ ಟೈಪ್ ಬಿ ಬ್ರೇಕರಿಗೆ ಜೆಡ್‌ಎಸ್ ಮಿತಿ 1.37 ಓಮ್. ದೋಷವಾದಾಗ 160 ಆಂಪಿಯರ್ ಹರಿದರೆ ತಾನೇ ಆ ಬ್ರೇಕರು ತಕ್ಷಣ ಬೀಳುವುದು! ಸಾಕೆಟ್‌ಗಳ ರಿಂಗ್ ಸರ್ಕ್ಯೂಟಿನಲ್ಲಿ (ಬೋರ್ಡಿನಿಂದ ಹೊರಟು ಸುತ್ತಿ ಬೋರ್ಡಿಗೇ ಮರಳುವುದು) ಫೇಸು, ನ್ಯೂಟ್ರಲ್‌ಗಳ ರೋಧದ ಅಳತೆ ಹೆಚ್ಚುಕಡಿಮೆ ಸಮ ಇರಬೇಕು. ಕೇಬಲ್ 2.5 ಚದರ ಮಿಲಿಮೀಟರಿನದಾಗಿ ಅರ್ಥ್ ವೈರು 1.5ರದ್ದಾದರೆ, ಅರ್ಥ್‌ನ ರೋಧ ಅವುಗಳ ಸುಮಾರು 1.67 ಪಟ್ಟು ಬರುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಡಿ (ಕರೆಂಟು ಸೋರಿದರೆ ಕಡಿಯುವ ಸಾಧನ, ಆರ್‌ಸಿಬಿಒದೊಳಗೂ ಇದೇ ಕೆಲಸ ನಡೆಯುತ್ತದೆ) ಪರೀಕ್ಷೆಯಲ್ಲಿ 300 ಮಿಲಿಸೆಕೆಂಡಿನೊಳಗೆ ಬಿದ್ದಿರಬೇಕು. ಹಳೆಯ ವೈರಿಂಗ್ ಬಗ್ಗೆ ಟಿಪ್ಪಣಿ ಬರೆಯುವ ಜಾಗವೊಂದಿದೆ. ಐವತ್ತು ವರ್ಷದ ಮನೆಯಲ್ಲಿ ಅದು ಖಾಲಿಯಿದ್ದರೆ ಕಾರಣ ಕೇಳಿ.

ಎರಡನೆಯದು ಬಿಲ್ಡಿಂಗ್ ರೆಗ್ಯುಲೇಶನ್ಸ್ ಕಂಪ್ಲಯನ್ಸ್ ಸರ್ಟಿಫಿಕೇಟ್. ಇದು ಸ್ಕೀಮಿನ ಮೂಲಕ ಬರುತ್ತದೆ. ಕೆಲಸ ಮುಗಿದ 30 ದಿನದೊಳಗೆ ಕೌನ್ಸಿಲ್‌ಗೆ ಮಾಹಿತಿ ಹೋಗಬೇಕು. ಬರದಿದ್ದರೆ ಎಲೆಕ್ಟ್ರಿಷಿಯನ್‌ಗೆ ನೆನಪಿಸಿ, ಆಮೇಲೂ ಬರದಿದ್ದರೆ ನೇರವಾಗಿ ಸ್ಕೀಮನ್ನೇ ಕೇಳಿ. ಬಂದಾಗ ಮನೆ ನಂಬರು, ಪೋಸ್ಟ್‌ಕೋಡ್ ಸರಿಯಿವೆಯೇ ನೋಡಿ. ಮನೆ ಮಾರುವಾಗ ತುಂಬುವ ಟಿಎ6 ಫಾರಂ 2005ರ ಜನವರಿ 1ರ ನಂತರದ ವಿದ್ಯುತ್ ಕೆಲಸದ ಬಗ್ಗೆ ಕೇಳುತ್ತದೆ, ಆಗ ಕೊಳ್ಳುವವರ ವಕೀಲರಿಗೆ ಬೇಕಾಗುವುದು ಇದೇ.

ಬಾಡಿಗೆಗೆ ಕೊಟ್ಟ ಮನೆಯಾದರೆ 2020ರ ನಿಯಮದ ಪ್ರಕಾರ ಕನಿಷ್ಠ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ವರದಿಯನ್ನು 28 ದಿನದೊಳಗೆ ಬಾಡಿಗೆದಾರರಿಗೆ ಕೊಡಬೇಕು.

ಹಿಂದಿನ ಮಾಲೀಕರು ಬದಲಿಸಿದ ಬೋರ್ಡಿಗೆ ಕಾಗದವೇ ಇಲ್ಲದಿದ್ದರೆ? ಇನ್ನೊಬ್ಬರ ಕೆಲಸಕ್ಕೆ ನಾನು ಇಐಸಿ ಬರೆದುಕೊಡಲಾರೆ, ಯಾರೂ ಬರೆಯಬಾರದು. ಇಐಸಿಆರ್ ಎಂಬ ತಪಾಸಣಾ ವರದಿ ಮಾಡಿಸಬಹುದು. ಈಗಿನ ಸ್ಥಿತಿ ಸುರಕ್ಷಿತವೇ ಎಂಬುದನ್ನು ಅದು ಹೇಳುತ್ತದೆ. ಸಿ1 (ಈಗಲೇ ಅಪಾಯ), ಸಿ2 (ಅಪಾಯವಾಗಬಹುದು) ಎಂದು ಗುರುತಾದದ್ದನ್ನು ದುರಸ್ತಿ ಮಾಡಿಸಲೇಬೇಕು, ಎಫ್‌ಐ ಇದ್ದರೆ ಇನ್ನೂ ತನಿಖೆ ಬೇಕು, ಸಿ3 ಬರೀ ಶಿಫಾರಸು. ಕಟ್ಟಡ ನಿಯಮದ ಕಾಗದವೇ ಬೇಕೆಂದರೆ ಕೌನ್ಸಿಲ್‌ನಲ್ಲಿ ರೆಗ್ಯುಲರೈಸೇಶನ್ ಅರ್ಜಿ, ಅಂದರೆ ಆಗಿಹೋದ ಕೆಲಸವನ್ನು ಸಕ್ರಮಗೊಳಿಸುವ ಅರ್ಜಿ, ಹಾಕಬೇಕು.