ನಿಮಿಷಕ್ಕೊಂದು ಸೆಂಟಿಮೀಟರ್: ತಾಂಡಾದ ಗೋಡೆ ಮೇಲೆ ದವಾಖಾನೆಯ ದಾರಿ

ಯಾದಗಿರಿ ಕಡೆಯ ತಾಂಡಾಗಳಲ್ಲಿ ಗೋಡೆಗೆ ಬಣ್ಣ ಹಚ್ಚುವಾಗ ರೋಗಿಯ ಚಿತ್ರ ಬರೆಯುವುದನ್ನು ಕೈಬಿಟ್ಟೆವು. ಅಳುವ ಮುಖ ಕಂಡವರು ಅಯ್ಯೋ ಪಾಪ ಅಂದು ಮುಂದೆ ಹೋಗುತ್ತಾರೆ, ಅಷ್ಟೇ. ಈಗ ಎಳೆಯುವುದು ಮನೆ ಬಿಟ್ಟು ದವಾಖಾನೆ ಮುಟ್ಟುವ ಹೊತ್ತನ್ನು ತೋರಿಸುವ ಬರೀ ಪಟ್ಟಿ: 1 ನಿಮಿಷಕ್ಕೆ 1 ಸೆಂ.ಮೀ. 12 ಅಡಿ ಗೋಡೆಯಲ್ಲಿ ಸುಮಾರು 6 ತಾಸು ಹಿಡಿಯುತ್ತದೆ.

ಬಯಲುಸೀಮೆಗೆ ಸರ್ಕಾರಿ ಮಾನದಂಡ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದು ತಲೆ ಎಣಿಸುತ್ತದೆ, ಬಸ್ಸು ಎಣಿಸುವುದಿಲ್ಲ. ಹಾಗಾಗಿ ನಮ್ಮದು ಕಿಲೋಮೀಟರ್ ಅಲ್ಲ, ಹೊತ್ತು.

ಲೆಕ್ಕ ತಪ್ಪುವುದು ಪ್ರಶ್ನೆಯಲ್ಲೇ. "ಎಷ್ಟೊತ್ತು ಆಗ್ತದ?" ಅಂದರೆ "ಅರ್ಧ ತಾಸು" ಅಂತಾರೆ, ಅದು ಬಸ್ಸಿನಲ್ಲಿ ಕೂತ ಹೊತ್ತು ಮಾತ್ರ. "ಮನಿ ಎಷ್ಟಕ್ಕ ಬಿಟ್ರಿ? ನರ್ಸಮ್ಮ ಎಷ್ಟಕ್ಕ ಮುಟ್ಟಿ ನೋಡಿದ್ರು?" ಅಂತ ಕೇಳಬೇಕು. ವರ್ಷದೊಳಗೆ ಹೆರಿಗೆಯಾದ ಮೂವರನ್ನಾದರೂ ಕೇಳಿ, ನಡುವಿನ ಅಂಕಿ ಹಿಡಿಯಿರಿ. ಹಗಲಿಗೊಂದು ಪಟ್ಟಿ, ರಾತ್ರಿಗೊಂದು. ನಡಿಗೆಗೆ ಕಾವಿ, ಗಾಡಿಗೆ ಹಳದಿ, ಕಾಯುವಿಕೆಗೆ ಕಪ್ಪು. ರಾತ್ರಿಯ ಕಪ್ಪು ಪಟ್ಟಿ ಗೋಡೆಯ ಉದ್ದ ಮೀರಿದರೆ ಅಳತೆ ಕುಗ್ಗಿಸಬೇಡಿ, ಮೂಲೆ ತಿರುಗಿಸಿ ಪಕ್ಕದ ಗೋಡೆಗೆ ಎಳೆಯಿರಿ. ಜನ ನಿಂತು ನೋಡುವುದು ಆ ತಿರುವಿನಲ್ಲೇ. ಆಶಾ ಕಾರ್ಯಕರ್ತೆಯ ಹೆಸರು ಮಾತ್ರ ಎಲ್ಲಿಯೂ ಬೇಡ. ಬಸ್ಸಿಲ್ಲದ ಬೈಗುಳ ಆಕೆಯ ತಲೆಗೆ ಬರುತ್ತದೆ.

12×8 ಅಡಿ ಗೋಡೆಗೆ ಮೂರು ಕೈ ಬಳಿಯಲು 3 ಕೆ.ಜಿ. ಸುಟ್ಟ ಸುಣ್ಣ, 15 ಲೀಟರ್ ನೀರು. ಅರಳುವಾಗ ಕುದಿಯುತ್ತದೆ, ಕಣ್ಣು ಜೋಪಾನ. ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ 60 ಗ್ರಾಂ ಗೋಂದು ಸೇರಿಸಿ. ಬಣ್ಣದ ಪುಡಿ ಸುಣ್ಣದ ಹತ್ತನೇ ಒಂದು ಪಾಲು ಮೀರಿದರೆ ಕೈಗೆ ಮೆತ್ತುತ್ತದೆ. ಕಾವಿ, ಹಳದಿ ಆಕ್ಸೈಡ್ ಸುಣ್ಣಕ್ಕೆ ಜಗ್ಗುವುದಿಲ್ಲ. ಪ್ರಷ್ಯನ್ ನೀಲಿ ಕಂದಿ ಹೋಗುತ್ತದೆ. ದೀಪದ ಮಸಿ ನೀರ ಮೇಲೆ ತೇಲುವುದರಿಂದ ಮೊದಲು ಸೋಪಿನ ನೀರಲ್ಲಿ ಕಲಸಿಕೊಳ್ಳಿ.

ನುಣುಪಾದ ಶಹಾಬಾದ್ ಫರಸಿ ಕಲ್ಲು ನೀರು ಹೀರದು, ಅದರ ಮೇಲಿನ ಸುಣ್ಣ ಹೊಪ್ಪಳೆಯಾಗಿ ಉದುರುತ್ತದೆ. ಗಿಲಾವು ಮಾಡಿದ ಗೋಡೆಯನ್ನೇ ಆರಿಸಿ, ಬಳಿಯುವ ಮುಂಚೆ ನೀರು ಚಿಮುಕಿಸಿ. ಏಪ್ರಿಲ್ ಬಿಸಿಲಲ್ಲಿ ಬೆಳಗ್ಗೆ 9ರೊಳಗೆ ಕೆಲಸ ಮುಗಿಸಿ. ಬೇಗ ಒಣಗಿದ ಸುಣ್ಣ ಗಟ್ಟಿಯಾಗದೆ ಪುಡಿಯಾಗುತ್ತದೆ.

ಬಣ್ಣ ಬೆರೆಸದೆ ಉಳಿದ ಸುಣ್ಣವನ್ನು ಮೇಲೆ ನೀರು ನಿಲ್ಲಿಸಿ ಮುಚ್ಚಿಡಿ. ಬಸ್ಸಿನ ವೇಳೆ ಬದಲಾದಾಗ ಆ ತುಂಡಿಗಷ್ಟೇ ಬಳಿದು ಹೊಸ ಅಳತೆ ಎಳೆಯಬಹುದು.