ಆರ್ಕೆಸ್ಟ್ರಾದಿಂದ ಜಾಝ್ ಕ್ಲಬ್ಬಿಗೆ: ಒಬ್ಬ ಬೇಸ್ ವಾದಕನ ಅನುಭವ

ನಾನು ಬೇಸ್ ಗಿಟಾರ್, ಅಂದರೆ ಹಾಡಿನ ತಗ್ಗು ಸ್ವರಗಳನ್ನು ನುಡಿಸುವ ವಾದ್ಯ, ಕಲಿತದ್ದು ಆರ್ಕೆಸ್ಟ್ರಾದಲ್ಲಿ. ಗಣೇಶನ ಹಬ್ಬ ಬಂತು ಅಂದ್ರೆ ಬೆಂಗಳೂರಿನ ಬಡಾವಣೆಗಳಲ್ಲಿ ದಿನಕ್ಕೊಂದು ಪೆಂಡಾಲ್. ಅದು ಮುಗಿಯೋ ಹೊತ್ತಿಗೆ ರಾಜ್ಯೋತ್ಸವ, ನವೆಂಬರ್ ಪೂರ್ತಿ ಕಾರ್ಯಕ್ರಮ. ರಾಜನ್-ನಾಗೇಂದ್ರ, ಹಂಸಲೇಖ, ಇಳಯರಾಜ ಅವರ ಹಾಡುಗಳ ಬೇಸ್ ಲೈನ್‌ಗಳನ್ನು ಒಂದು ಸ್ವರವೂ ಬಿಡದೆ ಕಿವಿಯಿಂದಲೇ ಎತ್ತಬೇಕಿತ್ತು. ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಸಿಗುತ್ತಿರಲಿಲ್ಲ. ಇವತ್ತು ಕ್ಲಬ್ಬಿನಲ್ಲಿ ಗೊತ್ತಿಲ್ಲದ ಹಾಡು ಶುರುವಾದರೂ ಎರಡನೇ ಸುತ್ತಿಗೆ ದಾರಿ ಸಿಗುವುದು ಆ ಕಿವಿಯಿಂದ.

ಆದರೆ ಆರ್ಕೆಸ್ಟ್ರಾದಲ್ಲಿ ಬೇಸ್ ಲೈನ್ ಮೊದಲೇ ಇರುತ್ತದೆ. ಕೇಳುವವರಿಗೆ ಹಾಡು ಬಾಯಿಪಾಠ. ಜಾಝ್‌ನಲ್ಲಿ ಮುಂದಿರುವ ಹಾಳೆಯಲ್ಲಿ ಟ್ಯೂನ್ ಇರುತ್ತದೆ, ಅದರ ಮೇಲೆ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹೆಸರು ಇರುತ್ತದೆ, ಅಷ್ಟೇ. ಬೇಸ್ ಏನು ನುಡಿಸಬೇಕು ಅಂತ ಎಲ್ಲೂ ಬರೆದಿರುವುದಿಲ್ಲ. 32 ಬಾರ್‌ಗಳ ಹಾಡು ಅಂದುಕೊಳ್ಳಿ. ಬಾರ್ ಅಂದರೆ ತಾಳದ ಒಂದು ಆವರ್ತದ ಹಾಗೆ. ಬಾರಿಗೆ ನಾಲ್ಕು ಬೀಟ್, ಬೀಟಿಗೊಂದು ಸ್ವರ. ಒಂದು ಸುತ್ತಿಗೆ 128 ಸ್ವರ. ಸ್ಯಾಕ್ಸೊಫೋನ್‌ನವರು ಐದು ಸುತ್ತು ಸೋಲೊ ನುಡಿಸಿದರೆ ಐದು ಸುತ್ತಿಗೂ ನಾವು ಹೊಸದಾಗಿ ಕಟ್ಟಬೇಕು. ಇದನ್ನೇ ವಾಕಿಂಗ್ ಬೇಸ್ ಅನ್ನುತ್ತಾರೆ.

ಕಟ್ಟುವುದು ಹೇಗೆ? ಬಿ ಫ್ಲ್ಯಾಟ್ ಶ್ರುತಿಯಲ್ಲಿ (ಎ ಇಂದ ಜಿ ವರೆಗಿನವು ಪಾಶ್ಚಾತ್ಯ ಸ್ವರಗಳ ಹೆಸರು, ಫ್ಲ್ಯಾಟ್ ಅಂದರೆ ಅರ್ಧ ಮೆಟ್ಟಿಲು ಕೆಳಗೆ) ಪದೇ ಪದೇ ಬರುವ ಕಾರ್ಡ್‌ಗಳ ಒಂದು ತಿರುವು ತಗೊಳ್ಳಿ: ಸಿ ಮೈನರ್ ಸೆವೆನ್, ಆಮೇಲೆ ಎಫ್ ಸೆವೆನ್, ಆಮೇಲೆ ಬಿ ಫ್ಲ್ಯಾಟ್. ಮೊದಲ ಬಾರಿನಲ್ಲಿ ನಾನು ಸಿ, ಇ ಫ್ಲ್ಯಾಟ್, ಜಿ, ಜಿ ಫ್ಲ್ಯಾಟ್ ನುಡಿಸುತ್ತೇನೆ. ಎರಡನೆಯದರಲ್ಲಿ ಎಫ್, ಎ, ಸಿ, ಬಿ. ಮೂರನೆಯ ಬಾರಿನ ಮೊದಲ ಬೀಟಿಗೆ ಸರಿಯಾಗಿ ಬಿ ಫ್ಲ್ಯಾಟ್. ಎರಡೂ ಬಾರಿನ ನಾಲ್ಕನೆಯ ಸ್ವರ ನೋಡಿ. ಜಿ ಫ್ಲ್ಯಾಟ್ ಆ ಕಾರ್ಡಿಗೆ ಸೇರಿದ್ದೇ ಅಲ್ಲ, ಬಿ ಕೂಡ ಅಲ್ಲ. ಆದರೆ ಎರಡೂ ಮುಂದೆ ಬರುವ ಸ್ವರಕ್ಕಿಂತ ಅರ್ಧ ಮೆಟ್ಟಿಲು ಮೇಲಿವೆ, ಅಲ್ಲಿಂದ ಜಾರಿ ಇಳಿಯುತ್ತವೆ. ಕೇಳುವವರಿಗೆ ಹೆಸರು ಗೊತ್ತಿಲ್ಲದಿದ್ದರೂ ಮುಂದೇನೋ ಬರುತ್ತಿದೆ ಅಂತ ಅನಿಸುತ್ತದೆ. ಪಿಯಾನೊದವರಿಗೂ ಸೋಲೊ ನುಡಿಸುವವರಿಗೂ ನೆಲ ಸಿಗುವುದು ಅಲ್ಲೇ. ಮೊದಲ ಬೀಟ್‌ನಲ್ಲಿ ಎಲ್ಲಿದ್ದೇವೆ ಅಂತ ಹೇಳಬೇಕು, ನಾಲ್ಕನೆಯದರಲ್ಲಿ ಎಲ್ಲಿಗೆ ಹೊರಟಿದ್ದೇವೆ ಅಂತ ಹೇಳಬೇಕು. ನಡುವಿನ ಎರಡರಲ್ಲಿ ಸ್ವಾತಂತ್ರ್ಯ ಜಾಸ್ತಿ.

ಸರಿಯಾದ ಸ್ವರ ಹುಡುಕುವುದನ್ನು ಯಾರು ಬೇಕಾದರೂ ಮನೆಯಲ್ಲಿ ಕೂತು ಕಲಿಯಬಹುದು. ಜಾಝ್ ಬೇಸ್‌ನ ಜೀವ ಇರುವುದು ಸ್ವರ ಎಷ್ಟು ಹೊತ್ತು ಬಾಳುತ್ತದೆ ಅನ್ನುವುದರಲ್ಲಿ. ಒಂದು ಸ್ವರ ಮುಂದಿನ ಸ್ವರ ಹುಟ್ಟುವವರೆಗೂ ತುಂಬಿ ನಿಲ್ಲಬೇಕು. ಬೇಗ ಸತ್ತರೆ ಹಾಡು ಕುಂಟುತ್ತದೆ, ಒಂದರ ಮೇಲೊಂದು ಬಿದ್ದರೆ ಕೆಸರಾಗುತ್ತದೆ. ಬೇಸ್ ವಾದಕ ರೇ ಬ್ರೌನ್ ಅವರು ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ಅವರ ಟ್ರಿಯೊದಲ್ಲಿ (ಮೂವರ ತಂಡ) ನುಡಿಸಿದ್ದನ್ನು ಕೇಳಿ, ಒಂದೊಂದು ಸ್ವರವೂ ದುಂಡಗೆ ಬರುತ್ತದೆ. ಇನ್ನೊಬ್ಬ ಬೇಸ್ ವಾದಕ ಪಾಲ್ ಚೇಂಬರ್ಸ್ ಅವರನ್ನು ಕೇಳಿ. ನಾನು ಅವರ ಲೈನ್‌ಗಳನ್ನು ಮೊದಲು ಬಾಯಲ್ಲಿ ಹಾಡುತ್ತಿದ್ದೆ, ಆಮೇಲೆ ವಾದ್ಯ ಮುಟ್ಟುತ್ತಿದ್ದೆ. ಇವತ್ತಿಗೂ ಅದೇ ಕ್ರಮ.

ಲಯಕ್ಕೆ ನನ್ನ ಅಭ್ಯಾಸ ಹೀಗೆ. ಮೆಟ್ರೊನೋಮ್ 60ಕ್ಕೆ ಇಟ್ಟು, ಆ ಟಿಕ್ ಅನ್ನು ಎರಡನೇ ಮತ್ತು ನಾಲ್ಕನೇ ಬೀಟ್ ಅಂತ ಎಣಿಸುವುದು. ಆಗ ಹಾಡಿನ ವೇಗ 120 ಆಗುತ್ತದೆ, ಟಿಕ್ ಡ್ರಮ್ಮರ್‌ನ ಹೈ-ಹ್ಯಾಟ್ (ಕಾಲಲ್ಲಿ ಬಡಿಯುವ ಜೋಡಿ ತಟ್ಟೆ) ಜಾಗಕ್ಕೆ ಬಂದು ಕೂರುತ್ತದೆ. ಅದು ಹಿಡಿತಕ್ಕೆ ಬಂದ ಮೇಲೆ 30ಕ್ಕೆ ಇಳಿಸಿ, ಬಾರಿಗೆ ಒಂದೇ ಟಿಕ್. ಉಳಿದ ಮೂರು ಬೀಟ್ ನಮ್ಮ ಜವಾಬ್ದಾರಿ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದು ಬೇಗ ಒಲಿಯುತ್ತದೆ. ಸ್ವಿಂಗ್ ಅನ್ನುವ ಜಾಝ್ ಲಯದ ಉದ್ದ-ಗಿಡ್ಡ ನಡೆಯನ್ನು ನಾನು ಹಿಡಿದದ್ದು ತಿಶ್ರ ನಡೆಯಿಂದ. ತಕಿಟ ಹೇಳುತ್ತಾ ನಡುವಿನ ಅಕ್ಷರ ನುಂಗಿದರೆ ಹತ್ತಿರ ಬಂದ ಹಾಗೆ. ಪೂರ್ತಿ ಅಲ್ಲ. ವೇಗ ಏರಿದಂತೆ ಆ ಉದ್ದ-ಗಿಡ್ಡ ಸಮವಾಗುತ್ತಾ ಹೋಗುತ್ತದೆ. ಅದನ್ನು ಕಿವಿಯೇ ಕಲಿಸಬೇಕು.

ಈ ಎರಡು ಸಂಗೀತಗಳು ನಮ್ಮ ಊರಿನವರ ಕೈಯಲ್ಲಿ ಎಂದೋ ಭೇಟಿಯಾಗಿವೆ. ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ 1963ರಲ್ಲಿ ಧ್ವನಿಮುದ್ರಣ ಮಾಡಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಒಂದು ಆಲ್ಬಂ ಮಾಡಿದರು. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ. ಬೆಂಗಳೂರಿನಲ್ಲಿ ಜಾಝ್ ನುಡಿಸುವ ಪ್ರತಿಯೊಬ್ಬರೂ ಅದನ್ನು ಕೇಳಲೇಬೇಕು ಅನ್ನುವುದು ನನ್ನ ಹಟ.

ಎಲೆಕ್ಟ್ರಿಕ್ ಬೇಸ್‌ನಿಂದ ನಿಲ್ಲಿಸಿ ನುಡಿಸುವ ದೊಡ್ಡ ಮರದ ಡಬಲ್ ಬೇಸ್‌ಗೆ ಬಂದಾಗ ಮೈಯೇ ಬೇರೆ ಥರ ದುಡಿಯಬೇಕಾಯಿತು. ತಂತಿಗಳು ಅವೇ: ಇ, ಎ, ಡಿ, ಜಿ. ಆದರೆ ತಂತಿಯ ಉದ್ದ ಒಂದು ಮೀಟರ್ ದಾಟುತ್ತದೆ, ಸ್ವರದ ಜಾಗ ತೋರಿಸುವ ಫ್ರೆಟ್ ಪಟ್ಟಿಗಳಿಲ್ಲ. ಕೆಳಗಿನ ಸ್ಥಾನಗಳಲ್ಲಿ ಎಡಗೈಯ ಮೂರನೇ ಬೆರಳನ್ನು ಪ್ರತ್ಯೇಕವಾಗಿ ಬಳಸುವುದಿಲ್ಲ, ಅದು ಕಿರುಬೆರಳಿಗೆ ಆಸರೆ ಅಷ್ಟೇ. ಸಿಮಾಂಡಲ್ ಪದ್ಧತಿ ಅಂತ ಕರೆಯುತ್ತಾರೆ. ಬಲಗೈ ತೋರುಬೆರಳಿನ ತುದಿಯಿಂದ ಮೀಟುವುದಲ್ಲ. ಬೆರಳಿನ ಪಕ್ಕವನ್ನು ತಂತಿಗೆ ಒರಗಿಸಿ, ತೋಳಿನ ಭಾರ ಬಿಟ್ಟು ಎಳೆಯಬೇಕು. ಬೊಬ್ಬೆ ಬರುತ್ತವೆ, ಗಟ್ಟಿಯಾಗುತ್ತವೆ.

ಬೆಂಗಳೂರಿನ ಹವೆಯೂ ಇಲ್ಲಿ ಪಾಲುದಾರ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಬೋರ್ಡಿನಿಂದ ಮೇಲೇಳುತ್ತದೆ, ಕೈಗೆ ಭಾರ. ಫೆಬ್ರವರಿ-ಮಾರ್ಚ್‌ನಲ್ಲಿ ಗಾಳಿ ಒಣಗಿದಾಗ ತಂತಿ ಇಳಿದು ಝರ್ ಅನ್ನುತ್ತದೆ, ಅಂಟಿನ ಜಾಗ ಬಿಡುವ ಭಯವೂ ಇರುತ್ತದೆ. ಅದಕ್ಕೇ ಎತ್ತರ ಬದಲಿಸುವ ತಿರುಪು ಇರುವ ಬ್ರಿಜ್ (ತಂತಿಗಳನ್ನು ಹೊರುವ ಮರದ ಕುದುರೆ) ಹಾಕಿಸಿದ್ದೇನೆ, ಒಣ ತಿಂಗಳುಗಳಲ್ಲಿ ವಾದ್ಯದ ಒಳಗೆ ಒದ್ದೆ ಸ್ಪಂಜಿನ ಕೊಳವೆ ಇಳಿಬಿಡುತ್ತೇನೆ. ಸಾಗಿಸುವುದು ಇನ್ನೊಂದು ಕಥೆ. ಆಳೆತ್ತರದ ವಾದ್ಯ ಆಟೊದಲ್ಲಿ ಕೂರುವುದಿಲ್ಲ. ಕಾರಿನ ಮುಂದಿನ ಸೀಟು ಪೂರ್ತಿ ಮಲಗಿಸಿ, ಕತ್ತು ಡ್ಯಾಶ್‌ಬೋರ್ಡ್ ಕಡೆ ಬರುವ ಹಾಗೆ ಇಡುತ್ತೇನೆ. ಸಂಜೆ ವೈಟ್‌ಫೀಲ್ಡ್‌ನಲ್ಲಿ ಸೌಂಡ್ ಚೆಕ್ ಇದ್ದರೆ ಮಧ್ಯಾಹ್ನ ಊಟ ಮುಗಿಸಿದ ತಕ್ಷಣ ಹೊರಡುವುದು.

ಜಾಗದಿಂದ ಜಾಗಕ್ಕೆ ಬೇಸ್‌ನ ಧ್ವನಿ ಪೂರ್ತಿ ಬದಲಾಗುತ್ತದೆ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ ಕಡೆ ಸಂಗೀತಕ್ಕೆಂದೇ ವೇದಿಕೆ ಇದೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನದು ಕುರ್ಚಿ ಹಾಕಿದ ಸಭಾಂಗಣ. ಆದರೆ ಹೆಚ್ಚಿನ ಗಿಗ್‌ಗಳು ಊಟದ ಮೇಜುಗಳ ಪಕ್ಕ, ಟೊಳ್ಳು ಹಲಗೆಯ ವೇದಿಕೆ ಮೇಲೆ. ತೆರೆದ ಇ ತಂತಿಯ ಕಂಪನ ಸುಮಾರು 41 ಹರ್ಟ್ಸ್. ಆ ಹಲಗೆ ಅದನ್ನು ಹಿಡಿದು ಗುಂ ಅನ್ನಿಸುತ್ತದೆ, ಸ್ವರ ಯಾವುದು ಅಂತಲೇ ತಿಳಿಯುವುದಿಲ್ಲ. ಆಂಪ್ಲಿಫೈಯರನ್ನು ನೆಲದ ಮೇಲೆ ಇಡದೆ ಕುರ್ಚಿ ಮೇಲೆ ಇಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಬ್ರಿಜ್‌ಗೆ ಅಂಟಿಸಿದ, ಕಂಪನ ಹಿಡಿಯುವ ಪೀಜೊ ಪಿಕಪ್‌ಗೆ ಅದರ ಸಣ್ಣ ಸಂಕೇತವನ್ನು ಹಿಗ್ಗಿಸುವ ಒಂದು ಪ್ರೀಆಂಪ್ ಬೇಕು, ಅದರಲ್ಲಿ ತೀರಾ ತಗ್ಗಿನ ಸದ್ದು ತಡೆಯುವ ಹೈ-ಪಾಸ್ ಫಿಲ್ಟರ್ ಇರಬೇಕು. ನಾನು 40 ಹರ್ಟ್ಸ್‌ನಿಂದ ಶುರು ಮಾಡಿ, ಗುಂ ಕಡಿಮೆಯಾಗುವವರೆಗೆ ಏರಿಸುತ್ತೇನೆ. ಆಮೇಲೆ ಡ್ರಮ್ಮರ್‌ನ ರೈಡ್ ಸಿಂಬಲ್ ಚೆನ್ನಾಗಿ ಕೇಳುವ ಕಡೆ ನಿಲ್ಲುತ್ತೇನೆ. ನನ್ನ ಸ್ವರ ಹುಟ್ಟುವ ಕ್ಷಣವೂ ಆ ಕಡ್ಡಿ ಸಿಂಬಲ್ ಮುಟ್ಟುವ ಕ್ಷಣವೂ ಒಂದೇ ಆಗಬೇಕು. ಆದಾಗ ಇಬ್ಬರಿಗೂ ಕೂಡಲೇ ಗೊತ್ತಾಗುತ್ತದೆ, ವಾಲ್ಯೂಮ್ ತಾನಾಗಿ ಇಳಿಯುತ್ತದೆ.

ಸೋಲೊ ಬಂದಾಗ ಮೇಜುಗಳಲ್ಲಿ ಮಾತು ಜೋರಾಗುತ್ತದೆ. ಎಲ್ಲ ವಾದ್ಯಗಳೂ ತಗ್ಗಿ ಬೇಸ್ ಒಂದೇ ಉಳಿಯುತ್ತದಲ್ವಾ, ಜನಕ್ಕೆ ಅದು ವಿರಾಮ ಅನಿಸುತ್ತದೆ. 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಪಿಯಾನೊ ವಾದಕ ಬಿಲ್ ಎವನ್ಸ್ ಅವರ ಟ್ರಿಯೊ ನುಡಿಸಿದ ಧ್ವನಿಮುದ್ರಣದಲ್ಲೂ ಗ್ಲಾಸಿನ ಸದ್ದು, ಮಾತು ಕೇಳುತ್ತದೆ. ಅದರ ನಡುವೆಯೇ ಸ್ಕಾಟ್ ಲಫಾರೊ ಬೇಸ್‌ನಲ್ಲಿ ಪಿಯಾನೊಗೆ ಸರಿಸಮನಾಗಿ ಮಾತಾಡುತ್ತಾರೆ. ಅದಾಗಿ ಹನ್ನೊಂದನೇ ದಿನ ಕಾರು ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 25. ಆ ರಾತ್ರಿ ಅವರು ಗದ್ದಲಕ್ಕೆ ಎದುರಾಗಿ ಜೋರು ಮಾಡಲಿಲ್ಲ. ನಾನೂ ಸೋಲೊವನ್ನು ಸಣ್ಣ ಮಾತಿನಿಂದ ಶುರು ಮಾಡುತ್ತೇನೆ. ಒಂದು ಸಾಲು, ಬಿಡುವು, ಇನ್ನೊಂದು ಸಾಲು. ಬಿಡುವು ಕೊಟ್ಟಾಗ ಹತ್ತಿರದ ಮೇಜಿನವರು ತಿರುಗಿ ನೋಡುತ್ತಾರೆ.

ಕ್ಲಬ್ಬುಗಳ ಬಾಗಿಲು ಯಾವಾಗಲೂ ತೆರೆದಿರುತ್ತದೆ ಅಂತ ಇಲ್ಲಿ ನಂಬಿ ಕೂರುವ ಹಾಗಿಲ್ಲ. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅನೇಕ ಕಡೆ ಲೈವ್ ಸಂಗೀತ ನಿಂತಿತ್ತು. ಆ ದಿನಗಳಲ್ಲಿ ಮನೆಗಳ ಹಾಲ್‌ನಲ್ಲಿ, ಸಣ್ಣ ಸ್ಟುಡಿಯೊಗಳಲ್ಲಿ ನುಡಿಸಿದೆವು. ಕೈ ತಪ್ಪದಿರುವುದಕ್ಕೆ ಅಷ್ಟಾದರೂ ಬೇಕು.

ಆರ್ಕೆಸ್ಟ್ರಾದ ಹುಡುಗರು, ಹುಡುಗಿಯರು ಈಗ ಬಂದು ಕೇಳುತ್ತಾರೆ, ಡಬಲ್ ಬೇಸ್ ಕೊಳ್ಳಲೇಬೇಕಾ ಅಂತ. ಬೇಡ. ಇರುವ ಎಲೆಕ್ಟ್ರಿಕ್ ಬೇಸ್‌ಗೆ ಫ್ಲ್ಯಾಟ್‌ವೌಂಡ್ (ಮೇಲ್ಮೈ ನುಣುಪಾಗಿರುವ) ತಂತಿ ಹಾಕಿ, ಟೋನ್ ಕಡಿಮೆ ಮಾಡಿ, ಕತ್ತಿನ ಹತ್ತಿರ ಹೆಬ್ಬೆರಳಲ್ಲಿ ಮೀಟಿ. ಎಫ್ ಶ್ರುತಿಯ 12 ಬಾರ್ ಬ್ಲೂಸ್ (12 ಬಾರಿಗೊಮ್ಮೆ ಸುತ್ತು ತಿರುಗುವ ಹಾಡಿನ ಅಚ್ಚು) ಒಂದನ್ನು ನಿಧಾನಕ್ಕೆ, ಪ್ರತಿ ಸುತ್ತಿಗೂ ಬೇರೆ ದಾರಿಯಲ್ಲಿ ನಡೆಯುವಷ್ಟು ಮಾಡಿಕೊಳ್ಳಿ. ಆಮೇಲೆ ವಾದಕರು ಸುಮ್ಮನೆ ಸೇರಿ ನುಡಿಸುವ ಯಾವುದಾದರೂ ಜಾಮ್ ಸೆಷನ್‌ಗೆ ಬೇಗ ಹೋಗಿ, ಡ್ರಮ್ಮರ್‌ಗೆ ಪರಿಚಯ ಹೇಳಿ, ಎಫ್ ಬ್ಲೂಸ್ ನುಡಿಸೋಣ್ವಾ ಅಂತ ಕೇಳಿ. ಬೇಸ್‌ನವರು ಸಾಲದೆ ಕಾಯುತ್ತಿರುವ ತಂಡಗಳು ಈ ಊರಲ್ಲಿ ಯಾವಾಗಲೂ ಇರುತ್ತವೆ.