ಕುದುರೆ ಮೇಲೆ ನಿಂತವಳನ್ನು ಬರೆಯುವುದು ಹೇಗೆ

ನಾನು ಗುವಾಶ್ (ನೀರಿನಲ್ಲಿ ಕಲಸುವ, ಕೆಳಗಿನದನ್ನು ಮುಚ್ಚುವ ದಪ್ಪ ಬಣ್ಣ) ಕಲಿತದ್ದು ಮೆಕ್ಸಿಕೊದ ಚಿತ್ರಕಲಾವಿದೆ ಮರಿಯಾ ಇಸ್ಕಿಯೆರ್ದೊ ಅವರ ಸರ್ಕಸ್ ಚಿತ್ರಗಳನ್ನು ನೋಡಿ ನೋಡಿ. ನಿಮಗೂ ಅಂಥದ್ದೊಂದು ಬರೆಯುವ ಆಸೆ ಇದ್ದರೆ ತಕ್ಷಣ ಕುಂಚ ಹಿಡಿಯಬೇಡಿ. ಸುಮ್ನೆ ಕೂತು ಚಿತ್ರಗಳನ್ನು ನೋಡಿ. ಅಲ್ಲಿ ಹೆಂಗಸರು ಕುದುರೆ ಬೆನ್ನ ಮೇಲೆ ನಿಲ್ಲುತ್ತಾರೆ, ಹಗ್ಗದ ಮೇಲೆ ನಡೆಯುತ್ತಾರೆ, ಪ್ರಾಣಿಗಳನ್ನು ಪಳಗಿಸುತ್ತಾರೆ. ಎಷ್ಟೋ ಚಿತ್ರಗಳಲ್ಲಿ ಪ್ರೇಕ್ಷಕರೇ ಇಲ್ಲ. ಅವರು ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ, ಅಷ್ಟೇ.

ಇಸ್ಕಿಯೆರ್ದೊ 1902ರಲ್ಲಿ ಹಲಿಸ್ಕೊ ರಾಜ್ಯದ ಸಾನ್ ಹ್ವಾನ್ ದೆ ಲೋಸ್ ಲಾಗೋಸ್‌ನಲ್ಲಿ ಹುಟ್ಟಿದರು. ಯಾತ್ರಿಕರ ಊರು ಅದು. ಜಾತ್ರೆಯ ಜೊತೆ ಸರ್ಕಸ್ಸೂ ಬರುತ್ತಿತ್ತು. ಚಿಕ್ಕಂದಿನಲ್ಲಿ ಕಂಡ ಆ ಡೇರೆಯನ್ನು 1930ರ ದಶಕದಲ್ಲಿ ಮತ್ತೆ ಮತ್ತೆ ಬರೆದರು.

ದಪ್ಪ ಕಾಗದ ತಗೊಳ್ಳಿ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ್ದು) ಆದರೆ ಒಳ್ಳೆಯದು. ಇಟ್ಟಿಗೆ ಕೆಂಪು, ಕಾವಿ, ಗುಲಾಬಿ, ಬಿಳಿ, ಸ್ವಲ್ಪ ಕಪ್ಪು ಸಾಕು. ಮೊದಲು ನೆಲ ಬಳಿಯಿರಿ. ಒಣಗಿದ ಮೇಲೆ ಕುದುರೆ: ತುಂಬಿದ ಹೊಟ್ಟೆ, ದಪ್ಪ ಕುತ್ತಿಗೆ.

ಈಗ ಅವಳು. ನಾನು ಎಡವಿದ್ದು ಇಲ್ಲೇ. ನನ್ನ ಮೊದಲ ಸವಾರಳಿಗೆ ನರ್ತಕಿಯ ಸಣ್ಣ ಕಾಲು ಕೊಟ್ಟಿದ್ದೆ. ಕುದುರೆ ಮೇಲೆ ಯಾರೋ ಕಾಗದದ ಬೊಂಬೆ ಅಂಟಿಸಿದ ಹಾಗಿತ್ತು. ಮೂರನೇ ಸಲ ತೊಡೆಯನ್ನು ಕುದುರೆಯ ಕುತ್ತಿಗೆಯಷ್ಟೇ ದಪ್ಪ ಮಾಡಿದೆ. ಮಂಡಿ ತುಸು ಬಗ್ಗಿಸಿದೆ. ಪಾದವನ್ನು ಚಪ್ಪಟೆಯಾಗಿ ಊರಿದೆ, ಹೆಬ್ಬೆರಳು ಸ್ವಲ್ಪ ಅಗಲ. ತಕ್ಷಣ ಅವಳು ನಿಂತಳು! ಬಲ ತೋರಿಸಲು ತೋಳಿನ ಮಾಂಸಖಂಡ ಉಬ್ಬಿಸಬೇಕಾಗಿಲ್ಲ. ತೂಕ ಎಲ್ಲಿ ಬೀಳುತ್ತದೆ ಅನ್ನುವುದು ಕಂಡರೆ ಸಾಕು. ಅನುಮಾನ ಬಂದರೆ ಸೊಂಟದ ನಡುವಿನಿಂದ ಒಂದು ನೇರ ಗೆರೆ ಕೆಳಗೆ ಎಳೆಯಿರಿ. ಅದು ಪಾದದ ಹತ್ತಿರ ಬರಬೇಕು.

ಗುವಾಶ್‌ನಲ್ಲಿ ತಿಳಿ ಬಣ್ಣ ಒಣಗಿದರೆ ತುಸು ಗಾಢವಾಗುತ್ತದೆ, ಗಾಢ ಬಣ್ಣ ತಿಳಿಯಾಗುತ್ತದೆ. ಮೈಬಣ್ಣವನ್ನು ಚೂರು ಕಾಗದದ ಮೇಲೆ ಒಣಗಿಸಿ ನೋಡಿ. ಮೇಲಿನ ಪದರಕ್ಕೆ ನೀರು ಜಾಸ್ತಿ ಆದರೆ ಕೆಳಗಿನದು ಕರಗಿ ಕಲಸಿಕೊಳ್ಳುತ್ತದೆ. ಒಂದೇ ಎಳೆತ, ಮತ್ತೆ ಉಜ್ಜಬೇಡಿ.

1945ರಲ್ಲಿ ಮೆಕ್ಸಿಕೊ ನಗರದ ಸರ್ಕಾರಿ ಕಟ್ಟಡವೊಂದಕ್ಕೆ ಇಸ್ಕಿಯೆರ್ದೊ ಬರೆಯಬೇಕಿದ್ದ ಗೋಡೆಚಿತ್ರವನ್ನು ಅವರ ಕೈಯಿಂದ ಕಿತ್ತುಕೊಂಡರು. ಆಗಿನ ಹೆಸರಾಂತ ಗೋಡೆಚಿತ್ರಕಾರರಾದ ರಿವೇರಾ, ಸಿಕೇರೋಸ್ ಇಬ್ಬರೂ ಇಸ್ಕಿಯೆರ್ದೊ ಅದನ್ನು ಬರೆಯುವುದನ್ನು ವಿರೋಧಿಸಿದ್ದರು. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಸವಾರಳ ಪಾದ ಬರೆಯುವಾಗೆಲ್ಲ ಅದು ನೆನಪಾಗುತ್ತದೆ.

ಮುಖವನ್ನು ಕೊನೆಗೆ ಬರೆಯಿರಿ. ನಗು ಬೇಡ. ಕಣ್ಣು ಕುದುರೆಯ ಕಿವಿಗಳ ಕಡೆಗಿರಲಿ.